ಮಂದ ಬೆಳಕಿನ ಮನೆಯಲ್ಲಿ ಕುಂಡದ ಗಿಡಗಳು: ಆರೈಕೆ ಮತ್ತು ಆರೋಗ್ಯ



ಇತ್ತೀಚಿನ ವರ್ಷಗಳಲ್ಲಿ ನಮ್ಮ ಭಾಗದ ಸಭೆ-ಸಮಾರಂಭಗಳಲ್ಲಿ ಒಂದು ಒಳ್ಳೆಯ ಪದ್ಧತಿ ಬೆಳೆದು ಬಂದಿದೆ. ಅತಿಥಿಗಳಿಗೆ ಹಾರ-ತುರಾಯಿಗಳ ಬದಲಾಗಿ ಕುಂಡದಲ್ಲಿ ಬೆಳೆದ ಸಸಿಯೊಂದನ್ನು ನೀಡಿ ಗೌರವಿಸುತ್ತಾರೆ. ಆ ಸಸಿಯು ಬಹುತೇಕ ಡ್ರಸೀನಾ, ಸ್ನೇಕ್ ಪ್ಲಾಂಟ್, ಮನಿ ಪ್ಲಾಂಟ್ ಮೊದಲಾದ ಉಷ್ಣವಲಯದ ಒಳಾಂಗಣ ಗಿಡವೇ ಆಗಿರುತ್ತದೆ. ಮನೆಗೆ ಬಂದ ಗಿಡವನ್ನು ಟಿ.ವಿ.ಯ ಪಕ್ಕದಲ್ಲಿಯೋ ದೇವರ ಕೋಣೆಯ ಮೂಲೆಯಲ್ಲಿಯೋ ಇರಿಸಿ ಮನೆಮಂದಿಯೆಲ್ಲ ಅಕ್ಕರೆಯಿಂದ ನೀರೆರೆಯುತ್ತಾರೆ. ಮೂರು-ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಎಲೆಗಳು ಹಳದಿಯಾಗಿ, ಕಾಂಡ ಮೆತ್ತಗಾಗಿ ಗಿಡ ಬಿದ್ದುಹೋಗುತ್ತದೆ. "ಡಾಕ್ಟರ್ರೀ, ದಿನಾ ತಪ್ಪದಂಗ ನೀರ ಹಾಕೇವ್ರಿ, ಆದ್ರೂ ಗಿಡ ಯಾಕ ಸತ್ತಿತ್ರಿ?" ಎಂದು ಬೇಡಕಿಹಾಳದ ನನ್ನ ಚಿಕಿತ್ಸಾಲಯದಲ್ಲಿ ಕೇಳಿದವರು ಅನೇಕರು. ದಿನವೂ ತಪ್ಪದೆ ನೀರು ಹಾಕಿದ್ದೇ ಅದರ ಸಾವಿಗೆ ಕಾರಣ ಎಂದು ಹೇಳಿದರೆ ಅವರಿಗೆ ಆಶ್ಚರ್ಯವಾಗುತ್ತದೆ.

ಆರೋಗ್ಯ ವಿಭಾಗದಲ್ಲಿ ಕುಂಡದ ಗಿಡದ ವಿಚಾರವೇಕೆ ಎಂದು ಕೆಲವರು ಕೇಳಬಹುದು. ಗಿಡ ಬದುಕದ ಕೋಣೆಯಲ್ಲಿ ಮನುಷ್ಯರೂ ವಾಸಿಸುತ್ತಾರೆ. ಆದ್ದರಿಂದ ಈ ವಿಚಾರ ಗಿಡಕ್ಕಷ್ಟೇ ಸೀಮಿತವಾದುದಲ್ಲ ಎಂಬುದನ್ನು ಲೇಖನದ ಕೊನೆಯಲ್ಲಿ ನನ್ನ ಸ್ವಂತ ಅನುಭವದಿಂದಲೇ ನಿವೇದಿಸುತ್ತೇನೆ.

ನಮ್ಮ ಮನೆಗಳೂ ಬೆಳಕೂ

ದೂಧಗಂಗಾ-ವೇದಗಂಗಾ ಬಯಲಿನ ನಮ್ಮ ಹಳೆಯ ಮನೆಗಳು ದಪ್ಪ ಮಣ್ಣಿನ ಗೋಡೆಯವು. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಆದರೆ ಕಿಟಕಿಗಳು ಚಿಕ್ಕವು. ನಡುಮನೆಗೆ ಬೆಳಕು ಬರುತ್ತಿದ್ದುದು ಮಾಳಿಗೆಯ ಗವಾಕ್ಷಿಯೊಂದರಿಂದಲೇ. 2019ರ ಆಗಸ್ಟ್ ತಿಂಗಳ ಮಹಾಪೂರದಲ್ಲಿ ಇಂತಹ ಅನೇಕ ಮನೆಗಳು ಕುಸಿದವು. ಅವುಗಳ ಜಾಗದಲ್ಲಿ ಎದ್ದ ಕಾಂಕ್ರೀಟ್ ಮನೆಗಳಲ್ಲಿ ಗವಾಕ್ಷಿ ಇಲ್ಲ. ಎಡಬಲದ ಗೋಡೆಗಳು ನೆರೆಮನೆಗೆ ಅಂಟಿಕೊಂಡಿದ್ದರೆ ಕಿಟಕಿ ಇಡಲು ಮುಂಭಾಗ ಮತ್ತು ಹಿಂಭಾಗ ಮಾತ್ರ ಉಳಿಯುತ್ತವೆ. ಇದ್ದ ಕಿಟಕಿಯನ್ನೂ ಕಬ್ಬಿನ ಹಂಗಾಮಿನಲ್ಲಿ ರಸ್ತೆಯ ಧೂಳಿಗೆ, ತಂಬಾಕಿನ ದಿನಗಳಲ್ಲಿ ಅದರ ಘಾಟಿಗೆ ಹೆದರಿ ಮುಚ್ಚುವವರೇ ಹೆಚ್ಚು. ಹೀಗಾಗಿ ಹಗಲಿನಲ್ಲಿಯೂ ದೀಪ ಹಚ್ಚಬೇಕಾದ ಕೋಣೆಗಳು ನಮ್ಮಲ್ಲಿ ಸಾಮಾನ್ಯವಾಗಿವೆ.

ಡ್ರಸೀನಾ ಕುಲದ ಪರಿಚಯ

ಡ್ರಸೀನಾ ಎಂಬುದು ಗ್ರೀಕ್ ಮೂಲದ ಹೆಸರು. ಹೆಣ್ಣು ಘಟಸರ್ಪ ಎಂದು ಅದರ ಅರ್ಥ. ಅರಬ್ಬಿ ಸಮುದ್ರದ ಸೊಕೊತ್ರಾ ದ್ವೀಪದಲ್ಲಿ ಬೆಳೆಯುವ ಡ್ರಸೀನಾ ಜಾತಿಯ ಮರವೊಂದನ್ನು ಗಾಯಗೊಳಿಸಿದರೆ ರಕ್ತದಂತೆ ಕೆಂಪಾದ ಅಂಟು ಒಸರುತ್ತದೆ. ಈ ಅಂಟು ಪುರಾತನ ಕಾಲದಿಂದಲೂ ಔಷಧಿಯಾಗಿ, ಬಣ್ಣವಾಗಿ ವ್ಯಾಪಾರವಾಗುತ್ತಿತ್ತು.

ನಮ್ಮ ಮನೆಗಳಿಗೆ ಬರುವ ಜಾತಿಗಳು ಬೇರೆ. ಗೋವಿನಜೋಳದಂತಹ ಅಗಲ ಎಲೆಯ ಡ್ರಸೀನಾ ಫ್ರೇಗ್ರನ್ಸ್ ಆಫ್ರಿಕಾದ ಕಾಡುಗಳದು. 'ಸಾಂಗ್ ಆಫ್ ಇಂಡಿಯಾ' ಎಂದು ಮಾರುವ ಹಳದಿ ಅಂಚಿನ ಗಿಡದ ಹೆಸರಿನಲ್ಲಿ ಭಾರತವಿದ್ದರೂ ಅದರ ಮೂಲ ಮಡಗಾಸ್ಕರ್, ಮಾರಿಷಸ್ ಮುಂತಾದ ಹಿಂದೂ ಮಹಾಸಾಗರದ ದ್ವೀಪಗಳು. 'ಲಕ್ಕಿ ಬಾಂಬೂ' ಬಿದಿರೇ ಅಲ್ಲ. ಅದೂ ಮಧ್ಯ ಆಫ್ರಿಕಾದ ಒಂದು ಡ್ರಸೀನಾ. ಸ್ನೇಕ್ ಪ್ಲಾಂಟನ್ನು ಮೊದಲು ಸಾನ್ಸೆವೀರಿಯಾ ಎಂಬ ಬೇರೆ ಕುಲದಲ್ಲಿ ಇರಿಸಿದ್ದರು. ಈಗ ಸಸ್ಯಶಾಸ್ತ್ರಜ್ಞರು ಅದನ್ನೂ ಡ್ರಸೀನಾ ಕುಲಕ್ಕೇ ಸೇರಿಸಿದ್ದಾರೆ. ನಮ್ಮ ಶತಾವರಿಯೂ ಇದೇ ಕುಟುಂಬದ ಸಸ್ಯ ಎಂಬುದು ವೈದ್ಯನಾದ ನನಗೆ ಸಂತೋಷದ ಸಂಗತಿ.

ಈ ಗಿಡಗಳಲ್ಲಿ ಹಲವು ದೊಡ್ಡ ಮರಗಳ ನೆರಳಿನಲ್ಲಿ ಬೆಳೆದು ಬಂದವು. ಆದ್ದರಿಂದಲೇ ಕಡಿಮೆ ಬೆಳಕನ್ನು ತಾಳಿಕೊಳ್ಳುತ್ತವೆ. ತಾಳಿಕೊಳ್ಳುವುದು ಬೇರೆ, ಬಯಸುವುದು ಬೇರೆ. ಕಾಡಿನ ನೆರಳು ಕೂಡ ನಮ್ಮ ನಡುಮನೆಗಿಂತ ಎಷ್ಟೋ ಪಾಲು ಬೆಳಕುಳ್ಳದ್ದು.

ಬೆಳಕೇ ಗಿಡದ ಅಗ್ನಿ

ಗಿಡಗಳಿಗೂ ರೋಗವುಂಟು, ಚಿಕಿತ್ಸೆಯುಂಟು ಎಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಸುರಪಾಲನ 'ವೃಕ್ಷಾಯುರ್ವೇದ'ವು ಮರಗಳ ರೋಗಗಳನ್ನು ವಾತ, ಪಿತ್ತ, ಕಫಗಳೆಂದು ವಿಂಗಡಿಸಿ ಚಿಕಿತ್ಸೆ ಹೇಳುತ್ತದೆ. ಕನ್ನಡದಲ್ಲಿಯೇ ಚಾವುಂಡರಾಯನು ಕ್ರಿ.ಶ. 1025ರ ಸುಮಾರಿಗೆ ರಚಿಸಿದ 'ಲೋಕೋಪಕಾರ'ದಲ್ಲಿ ವೃಕ್ಷಾಯುರ್ವೇದಕ್ಕೆ ಪ್ರತ್ಯೇಕ ಅಧ್ಯಾಯವಿದೆ. ಆ ಪರಂಪರೆಯನ್ನು ನೆನೆದು ನಾನು ಒಂದು ಹೋಲಿಕೆಯನ್ನು ಮುಂದಿಡುತ್ತೇನೆ.

ಮನುಷ್ಯನಿಗೆ ಜಠರಾಗ್ನಿ ಹೇಗೋ ಗಿಡಕ್ಕೆ ಬೆಳಕು ಹಾಗೆ. ಬೆಳಕಿದ್ದರೆ ಎಲೆ ಆಹಾರವನ್ನು ತಯಾರಿಸುತ್ತದೆ, ಬೇರು ನೀರನ್ನು ಎಳೆದುಕೊಳ್ಳುತ್ತದೆ. ಬೆಳಕು ಕುಂದಿದರೆ ಗಿಡದ ಕೆಲಸ ನಿಧಾನವಾಗಿ ನೀರಿನ ಅವಶ್ಯಕತೆಯೂ ಕುಂದುತ್ತದೆ. ಮಂದಾಗ್ನಿಯ ರೋಗಿಗೆ ಮೊದಲು ಉಂಡದ್ದು ಅರಗುವ ಮೊದಲೇ ಮತ್ತೆ ಉಣಿಸುವುದನ್ನು ಆಯುರ್ವೇದವು ಅಧ್ಯಶನ ಎನ್ನುತ್ತದೆ. ಕತ್ತಲ ಕೋಣೆಯ ಗಿಡಕ್ಕೆ ನಿತ್ಯ ನೀರೆರೆಯುವುದು ಅಂತಹ ಅಧ್ಯಶನವೇ ಸರಿ. ಬೇರಿಗೂ ಉಸಿರಾಟಕ್ಕೆ ಗಾಳಿ ಬೇಕು. ಮಣ್ಣಿನ ಸಂದುಗಳಲ್ಲಿ ಸದಾ ನೀರು ನಿಂತರೆ ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರನ್ನು ಹೀರಲಾರದು. ಆದ್ದರಿಂದ ಎಲೆ ಬಾಡುತ್ತದೆ. ಎಲೆ ಬಾಡಿದ್ದನ್ನು ಕಂಡು ನಾವು ಇನ್ನಷ್ಟು ನೀರು ಹಾಕುತ್ತೇವೆ. ಮಂದ ಬೆಳಕಿನ ಮನೆಗಳಲ್ಲಿ ಗಿಡಗಳು ಸಾಯುವುದು ಬಹುಪಾಲು ಹೀಗೆಯೇ.

ಆದ್ದರಿಂದ ಮೊದಲ ಸೂತ್ರ ಇದು: ನೀರನ್ನು ಬೆಳಕಿನ ಪ್ರಮಾಣ ನೋಡಿ ಕೊಡಬೇಕು, ನಮ್ಮ ಅಕ್ಕರೆಯ ಪ್ರಮಾಣ ನೋಡಿ ಅಲ್ಲ.

ಬೆಳಕನ್ನು ಅಳೆಯುವ ಬಗೆ

ನಮ್ಮ ಕಣ್ಣು ಕತ್ತಲೆಗೆ ಬೇಗನೆ ಹೊಂದಿಕೊಳ್ಳುವುದರಿಂದ ಬೆಳಕಿನ ವಿಷಯದಲ್ಲಿ ನಮ್ಮನ್ನು ಮೋಸಗೊಳಿಸುತ್ತದೆ. ನಡುಹಗಲಿನ ಬಿಸಿಲು ಸುಮಾರು 1,00,000 ಲಕ್ಸ್ ಇರುತ್ತದೆ. ಕಿಟಕಿಯಿಂದ ದೂರದ ಮೂಲೆಯಲ್ಲಿ ಅದು 100 ಲಕ್ಸ್ ಅಥವಾ ಅದಕ್ಕಿಂತ ಕಡಿಮೆ, ಎಂದರೆ ಸಾವಿರದಲ್ಲಿ ಒಂದು ಪಾಲು. ಆದರೂ ನಮಗೆ ಅಲ್ಲಿ 'ಸ್ವಲ್ಪ ಮಬ್ಬು' ಎಂದಷ್ಟೇ ತೋರುತ್ತದೆ.

ಯಂತ್ರವಿಲ್ಲದೆ ಅಳೆಯಲು ಸುಲಭ ಉಪಾಯವೊಂದಿದೆ. ಮಧ್ಯಾಹ್ನ 12 ಗಂಟೆಯ ಸುಮಾರಿಗೆ ಎಲ್ಲ ದೀಪಗಳನ್ನು ಆರಿಸಿ, ಗಿಡವಿಡುವ ಸ್ಥಳದಲ್ಲಿ ಬಿಳಿ ಕಾಗದವೊಂದನ್ನು ಹರಡಿ, ಅದರ ಮೇಲೆ ಒಂದು ಅಡಿ ಎತ್ತರದಲ್ಲಿ ಅಂಗೈ ಹಿಡಿಯಿರಿ.

1. ಬೆರಳುಗಳ ನೆರಳು ಸ್ಪಷ್ಟವಾಗಿ ಬಿದ್ದರೆ ಬೆಳಕು ಉತ್ತಮ. 'ಸಾಂಗ್ ಆಫ್ ಇಂಡಿಯಾ' ಮುಂತಾದ ಬಣ್ಣದ ಎಲೆಯ ಡ್ರಸೀನಾಗಳು, ಕ್ರೋಟನ್ ಇಲ್ಲಿ ಬಾಳುತ್ತವೆ.

2. ಅಂಗೈಯ ಆಕಾರ ಮಸುಕಾಗಿ ಮಾತ್ರ ಕಂಡರೆ ಬೆಳಕು ಮಧ್ಯಮ. ಹಸಿರು ಎಲೆಯ ಡ್ರಸೀನಾ, ಮನಿ ಪ್ಲಾಂಟ್, ಅಗ್ಲೋನಿಮಾ, ಪೀಸ್ ಲಿಲಿ ಇಲ್ಲಿ ಹೊಂದುತ್ತವೆ.

3. ನೆರಳೇ ಬೀಳದಿದ್ದರೆ ಆ ಸ್ಥಳ ಯಾವ ಗಿಡಕ್ಕೂ ಕಾಯಂ ನೆಲೆಯಲ್ಲ. ಸ್ನೇಕ್ ಪ್ಲಾಂಟ್ ಮತ್ತು ಜೀಜೀ ಪ್ಲಾಂಟ್ ಕೆಲವು ತಿಂಗಳು ತಾಳುತ್ತವೆ. ಅವು ಬೆಳೆಯುವುದಿಲ್ಲ, ಎಲೆ-ಗಡ್ಡೆಗಳಲ್ಲಿ ಕೂಡಿಟ್ಟದ್ದನ್ನು ಖರ್ಚುಮಾಡುತ್ತ ಬದುಕಿರುತ್ತವೆ.

ಎಲೆಯಲ್ಲಿ ಹಳದಿ, ಬಿಳಿ, ಕೆಂಪು ಹೆಚ್ಚಿದ್ದಷ್ಟೂ ಹಸಿರು ಕಡಿಮೆ. ಹಸಿರು ಕಡಿಮೆಯಾದಷ್ಟೂ ಬೆಳಕು ಹೆಚ್ಚು ಬೇಕು. ಆದ್ದರಿಂದ ಮಬ್ಬು ಮನೆಗೆ ಅಚ್ಚಹಸಿರು ಗಿಡಗಳನ್ನೇ ಆರಿಸಬೇಕು. ಭಕ್ತರು ಶ್ರದ್ಧೆಯಿಂದ ಪೂಜೆಯ ಕೋಣೆಯಲ್ಲಿ ಬಿಲ್ವದ ಸಸಿ, ತುಳಸಿ ಇಡುವುದನ್ನು ಕಂಡಿದ್ದೇನೆ. ಇವೆರಡೂ ತೆರೆದ ಬಿಸಿಲಿನ ಸಸ್ಯಗಳು. ಅವು ಅಂಗಳದಲ್ಲಿಯೇ ಇರಲಿ, ಪತ್ರಿ ಮಾತ್ರ ಒಳಗೆ ಬರಲಿ.

ಬೆಳಕು ಕಡಿಮೆ ಇರುವ ಮನೆಯವರಿಗೆ ಎರಡು ದಾರಿಗಳಿವೆ. ಮೊದಲನೆಯದು ಜೋಡಿ ಕುಂಡಗಳ ಪದ್ಧತಿ. ಒಂದೇ ಜಾತಿಯ ಎರಡು ಕುಂಡಗಳನ್ನು ಇಟ್ಟುಕೊಂಡು, ಒಂದು ಒಳಗಿದ್ದಾಗ ಇನ್ನೊಂದು ಪಡಸಾಲೆಯ ನೆರಳಿನಲ್ಲಿ ಇರಲಿ. ಹದಿನೈದು ದಿನಕ್ಕೊಮ್ಮೆ ಅದಲು ಬದಲು ಮಾಡಬೇಕು. ಒಳಗಿನ ಗಿಡವನ್ನು ಒಮ್ಮೆಲೇ ಬಿಸಿಲಿಗೆ ಇಟ್ಟರೆ ಎಲೆ ಸುಡುತ್ತದೆ. ಎರಡನೆಯದು, ಸಾಧಾರಣ ಬಿಳಿ ಎಲ್‌ಇಡಿ ಟ್ಯೂಬ್‌ಲೈಟನ್ನು ಗಿಡದ ಮೇಲೆ ಒಂದು ಅಡಿ ಅಂತರದಲ್ಲಿ ದಿನಕ್ಕೆ 10ರಿಂದ 12 ತಾಸು ಉರಿಸುವುದು.

ನೀರು, ಮಣ್ಣು, ಗೊಬ್ಬರ

ಬೆರಳನ್ನು ಎರಡು ಅಂಗುಲ ಮಣ್ಣಿನೊಳಗೆ ಇಳಿಸಿ ನೋಡಿ. ತೇವ ತಾಗಿದರೆ ನೀರು ಬೇಡ. ಮಂದ ಬೆಳಕಿನ ಡ್ರಸೀನಾಕ್ಕೆ ಬೇಸಿಗೆಯಲ್ಲಿ 7ರಿಂದ 10 ದಿನಕ್ಕೊಮ್ಮೆ, ಮಳೆ-ಚಳಿಗಾಲಗಳಲ್ಲಿ 15ರಿಂದ 20 ದಿನಕ್ಕೊಮ್ಮೆ ನೀರು ಸಾಕಾಗುತ್ತದೆ. ಸ್ನೇಕ್ ಪ್ಲಾಂಟ್, ಜೀಜೀ ಪ್ಲಾಂಟ್‌ಗಳಿಗೆ ಮೂರು-ನಾಲ್ಕು ವಾರಕ್ಕೊಮ್ಮೆ ಸಾಕು. ಆದರೂ ದಿನದ ಲೆಕ್ಕಕ್ಕಿಂತ ಬೆರಳಿನ ಪರೀಕ್ಷೆಯೇ ಪ್ರಮಾಣ. ಕೊಡುವಾಗ ಕುಂಡದ ತಳದಿಂದ ಹೊರಬರುವಷ್ಟು ಕೊಟ್ಟು, ಅರ್ಧ ತಾಸಿನ ನಂತರ ತಟ್ಟೆಯ ನೀರನ್ನು ಚೆಲ್ಲಬೇಕು.

ಡ್ರಸೀನಾದ ಎಲೆಯ ತುದಿ ಕಂದಾಗಿ ಒಣಗುವುದು ನಮ್ಮಲ್ಲಿ ಸಾಮಾನ್ಯ. ಇದಕ್ಕೆ ಬಹುಮಟ್ಟಿಗೆ ನೀರಿನಲ್ಲಿರುವ ಲವಣಗಳು ಮತ್ತು ಫ್ಲೋರೈಡ್ ಕಾರಣ. ಈ ಕುಲದ ಸಸ್ಯಗಳು ಫ್ಲೋರೈಡನ್ನು ಸಹಿಸವು. ಗಡುಸು ಕೊಳವೆಬಾವಿ ನೀರಿನ ಬದಲು ಸಂಗ್ರಹಿಸಿದ ಮಳೆನೀರು ಉತ್ತಮ. ನೀರು ಶುದ್ಧಿ ಯಂತ್ರದಿಂದ ಹೊರಹೋಗುವ ತ್ಯಾಜ್ಯ ನೀರನ್ನು ಉಳಿತಾಯವೆಂದು ಗಿಡಕ್ಕೆ ಹಾಕುವವರಿದ್ದಾರೆ. ಅದರಲ್ಲಿ ಲವಣ ಇನ್ನೂ ಹೆಚ್ಚು, ಹಾಕಬಾರದು. ಸೂಪರ್ ಫಾಸ್ಫೇಟ್ ಗೊಬ್ಬರದಲ್ಲಿಯೂ ಫ್ಲೋರೈಡ್ ಇರುವುದರಿಂದ ಅದೂ ವರ್ಜ್ಯ.

ಹೊಲದಿಂದ ತಂದ ಕಪ್ಪು ಎರೆಮಣ್ಣು ಕಬ್ಬಿಗೆ ಬಂಗಾರ. ಕುಂಡಕ್ಕೆ ಮಾತ್ರ ಅದು ಸಲ್ಲದು. ನೀರು ಹಿಡಿದು ಬಿಗಿಯಾಗಿ ಬೇರಿಗೆ ಗಾಳಿ ಇಲ್ಲದಂತೆ ಮಾಡುತ್ತದೆ. ಕೆಂಪು ಮಣ್ಣು ಒಂದು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು, ದಪ್ಪ ಉಸುಕು ಅಥವಾ ಇಟ್ಟಿಗೆಯ ಚೂರು ಒಂದು ಪಾಲು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಅರ್ಧ ಪಾಲು ಬೆರೆಸಿದ ಮಿಶ್ರಣ ಹಿತಕರ. ಕುಂಡದ ತಳದಲ್ಲಿ ತೂತು ಇರಲೇಬೇಕು. ಕಬ್ಬಿನ ರೂಢಿಯಲ್ಲಿ ಹಿಡಿ ಯೂರಿಯಾ ಹಾಕಿ ಗಿಡ ಸುಟ್ಟವರು ನಮ್ಮೂರಲ್ಲಿ ಅನೇಕರು. ಮಂದ ಬೆಳಕಿನ ಗಿಡಕ್ಕೆ ಮಳೆಗಾಲದ ಆರಂಭದಲ್ಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಒಂದು ಮುಷ್ಟಿ ಎರೆಹುಳು ಗೊಬ್ಬರ ಧಾರಾಳವಾಯಿತು.

ಎಲೆಯ ಮೇಲೆ ಕುಳಿತ ಧೂಳು ಇದ್ದಷ್ಟು ಬೆಳಕನ್ನೂ ತಡೆಯುತ್ತದೆ. ಹದಿನೈದು ದಿನಕ್ಕೊಮ್ಮೆ ಒದ್ದೆ ಅರಿವೆಯಿಂದ ಎರಡೂ ಬದಿ ಒರೆಸಬೇಕು. ಹೊಳಪಿಗಾಗಿ ಕೊಬ್ಬರಿ ಎಣ್ಣೆ ಸವರುವುದು ಬೇಡ. ಎಣ್ಣೆ ಎಲೆಯ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿ ಧೂಳನ್ನು ಅಂಟಿಸಿಕೊಳ್ಳುತ್ತದೆ.

ಬಿಳಿ ಹಿಟ್ಟಿನಂತಹ ತಿಗಣೆ ಕಾಣಿಸಿದರೆ ಅರಿವೆಯಿಂದ ಒರೆಸಿ ತೆಗೆದು, ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ ಮತ್ತು ಕೆಲವು ಹನಿ ಸಾಬೂನು ದ್ರವ ಬೆರೆಸಿ ಸಿಂಪಡಿಸಬಹುದು. ನಿಪ್ಪಾಣಿಯ ಸುತ್ತಮುತ್ತ ತಂಬಾಕಿನ ಚೂರು ಸುಲಭವಾಗಿ ಸಿಗುವುದರಿಂದ ಅದರ ಕಷಾಯ ಸಿಂಪಡಿಸುವ ಪದ್ಧತಿಯಿದೆ. ಮನೆಯೊಳಗೆ ಇದನ್ನು ಖಂಡಿತ ಮಾಡಬೇಡಿ. ನಿಕೋಟಿನ್ ಚರ್ಮದ ಮೂಲಕವೂ ದೇಹವನ್ನು ಸೇರುವ ವಿಷ. ಹಸಿ ತಂಬಾಕಿನ ಎಲೆ ಮುಟ್ಟಿ ವಾಂತಿ, ತಲೆಸುತ್ತು ಬಂದ ಕೂಲಿಕಾರರನ್ನು ನಾನು ಕಂಡಿದ್ದೇನೆ. ಮಕ್ಕಳು ತೆವಳುವ ಮನೆಗೆ ಅಂತಹ ಕಷಾಯ ತರಬಾರದು.

ವೈದ್ಯನಾಗಿ ನಾಲ್ಕು ಎಚ್ಚರಿಕೆಗಳು

ಮೊದಲನೆಯದು, ಮಕ್ಕಳ ಬಾಯಿ. ಮನಿ ಪ್ಲಾಂಟ್, ಅಗ್ಲೋನಿಮಾ, ಪೀಸ್ ಲಿಲಿ, ಜೀಜೀ ಪ್ಲಾಂಟ್, ಅದಕ್ಕಿಂತ ಮುಖ್ಯವಾಗಿ ಬಿಳಿ ಚುಕ್ಕೆಯ ಡಿಫೆನ್‌ಬೇಕಿಯಾ, ಇವೆಲ್ಲ ನಮ್ಮ ಕೆಸುವಿನ ಕುಟುಂಬದವು. ಕೆಸುವಿನ ಎಲೆಯಲ್ಲಿ ಗಂಟಲು ಕೆರೆಯಿಸುವ ಸೂಜಿಯಂತಹ ಹರಳುಗಳೇ ಇವುಗಳಲ್ಲಿಯೂ ಇವೆ. ಮಗು ಕಚ್ಚಿದರೆ ಉರಿ, ಜೊಲ್ಲು, ತುಟಿ-ನಾಲಿಗೆಯ ಬಾವು ಉಂಟಾಗುತ್ತವೆ. ಬಾಯಿ ತೊಳೆದು, ನುಂಗಲು ತೊಂದರೆ ಇಲ್ಲದಿದ್ದರೆ ತಣ್ಣನೆಯ ಹಾಲು ಕುಡಿಸಿ, ವಾಂತಿ ಮಾಡಿಸಬೇಡಿ. ಬಾವು ಹೆಚ್ಚಿದರೆ ಅಥವಾ ಉಸಿರಾಟಕ್ಕೆ ತೊಡಕಾದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಒಯ್ಯಿರಿ. ಡ್ರಸೀನಾದಲ್ಲಿ ಈ ಹರಳುಗಳ ಕಾಟ ಅಷ್ಟಿಲ್ಲ. ಆದರೆ ಅದರ ಸಪೋನಿನ್ ಎಂಬ ನೊರೆಯ ಅಂಶದಿಂದ ನಾಯಿ-ಬೆಕ್ಕುಗಳಿಗೆ ವಾಂತಿಯಾಗುತ್ತದೆ.

ಎರಡನೆಯದು, ಸೊಳ್ಳೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಕುಂಡದ ತಟ್ಟೆಯ ಮತ್ತು ಲಕ್ಕಿ ಬಾಂಬೂ ಪಾತ್ರೆಯ ತಿಳಿನೀರಿನಲ್ಲಿಯೇ ಮೊಟ್ಟೆ ಇಡುತ್ತದೆ. ಒಂದು ವಾರ-ಹತ್ತು ದಿನಗಳಲ್ಲಿ ಹಾರುವ ಸೊಳ್ಳೆಯಾಗುತ್ತದೆ. 2001ರಲ್ಲಿ ಚೀನಾದಿಂದ ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ ಹೋದ ಲಕ್ಕಿ ಬಾಂಬೂ ಸರಕಿನ ನೀರಿನಲ್ಲಿಯೇ ಡೆಂಗಿ ಹರಡಬಲ್ಲ ಸೊಳ್ಳೆಗಳು ಸಾಗರ ದಾಟಿದ್ದವು. ಐದು ದಿನಕ್ಕೊಮ್ಮೆ ನೀರು ಬದಲಿಸಿ. ಮೊಟ್ಟೆಗಳು ಪಾತ್ರೆಯ ಒಳಬದಿಗೆ ಅಂಟಿರುವುದರಿಂದ ಉಜ್ಜಿ ತೊಳೆಯಿರಿ.

ಮೂರನೆಯದು, ಗಾಳಿ ಶುದ್ಧಿಯ ಭ್ರಮೆ. ಅಮೆರಿಕದ ನಾಸಾ ಸಂಸ್ಥೆ 1989ರಲ್ಲಿ ಪ್ರಕಟಿಸಿದ ಪ್ರಯೋಗದ ಆಧಾರದ ಮೇಲೆ ಈ ಗಿಡಗಳು ಮನೆಯ ಗಾಳಿಯನ್ನು ಶುದ್ಧಗೊಳಿಸುತ್ತವೆ ಎಂದು ಪ್ರಚಾರವಾಗಿದೆ. ಆ ಪ್ರಯೋಗ ನಡೆದದ್ದು ಗಾಳಿಯಾಡದ ಚಿಕ್ಕ ಪೆಟ್ಟಿಗೆಗಳಲ್ಲಿ. ಅಂತಹ ಪ್ರಯೋಗಗಳನ್ನೆಲ್ಲ ಮರುಲೆಕ್ಕ ಹಾಕಿದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಸಂಶೋಧಕರು, ಕಟ್ಟಡದ ಸಹಜ ಗಾಳಿಯಾಟಕ್ಕೆ ಸಮವಾಗಬೇಕಾದರೆ ಪ್ರತಿ ಚದರ ಮೀಟರ್ ನೆಲಕ್ಕೆ 10ರಿಂದ 1000 ಗಿಡಗಳು ಬೇಕಾಗುತ್ತವೆ ಎಂದು 2019ರಲ್ಲಿ ತೋರಿಸಿದರು. ಸ್ನೇಕ್ ಪ್ಲಾಂಟ್ ರಾತ್ರಿ ಆಮ್ಲಜನಕ ಕೊಡುತ್ತದೆ ಎಂಬ ಮಾತೂ ತಪ್ಪು ತಿಳಿವಳಿಕೆ. ಅದು ನೀರಿನ ಉಳಿತಾಯಕ್ಕಾಗಿ ರಾತ್ರಿ ಎಲೆಯ ರಂಧ್ರ ತೆರೆದು ಇಂಗಾಲಾಮ್ಲವನ್ನು ಒಳಗೆ ತೆಗೆದುಕೊಳ್ಳುತ್ತದೆ. ಆಮ್ಲಜನಕ ತಯಾರಾಗುವುದು ಹಗಲಿನ ಬೆಳಕಿನಲ್ಲಿಯೇ. ಉಬ್ಬಸದ ರೋಗಿಯ ಕೋಣೆಯ ಕಿಟಕಿ ಮುಚ್ಚಿ ಗಿಡವನ್ನು ಇಡುವುದು ಚಿಕಿತ್ಸೆಯಲ್ಲ. ಸದಾ ಒದ್ದೆಯಾದ ಕುಂಡದ ಬೂಷ್ಟು ಅಂತಹವರಿಗೆ ತೊಂದರೆಯನ್ನೇ ತರಬಹುದು.

ನಾಲ್ಕನೆಯದು, ಔಷಧಿಯ ಗೊಂದಲ. ಚರಕಸಂಹಿತೆಯ ಸ್ತನ್ಯಶೋಧನ ಗಣದಲ್ಲಿ ಮೂರ್ವಾ ಎಂಬ ದ್ರವ್ಯವಿದೆ. ಅದರ ನಾರಿನಿಂದ ಬಿಲ್ಲಿನ ಹೆದೆ ಮಾಡುತ್ತಿದ್ದುದರಿಂದ ಹೆದೆಗೆ ಮೌರ್ವಿ ಎಂಬ ಹೆಸರು. ಸ್ನೇಕ್ ಪ್ಲಾಂಟಿನ ಭಾರತೀಯ ಬಂಧುವಾದ ಮಂಜಿನ ನಾರನ್ನು ಕೆಲವೆಡೆ ಮೂರ್ವಾ ಎಂದು ಬಳಸುವುದುಂಟು. ಆದರೆ ಇಂದು ಅಧಿಕೃತವಾಗಿ ಒಪ್ಪಿರುವ ಮೂರ್ವಾ ಮಾರ್ಸ್‌ಡೇನಿಯಾ ಎಂಬ ಬೇರೊಂದು ಬಳ್ಳಿ. ಹೆಸರು ಹೋಲುತ್ತದೆಂದು ಕುಂಡದ ಗಿಡವನ್ನು ಕಷಾಯಕ್ಕೆ ಬಳಸಬಾರದು.

ಗಿಡ ಕಲಿಸಿದ ಪಾಠ

ಕೆಲವು ವರ್ಷಗಳ ಹಿಂದಿನ ಮಾತು. ಸಮಾರಂಭವೊಂದರಲ್ಲಿ ನನಗೆ ದೊರೆತ ಡ್ರಸೀನಾವನ್ನು ನಮ್ಮ ತಾಯಿಯವರ ಕೋಣೆಯಲ್ಲಿ ಇರಿಸಿದ್ದೆವು. ಅವರಿಗೆ ಆಗ ಎಂಬತ್ತು ದಾಟಿತ್ತು. ಮೊಣಕಾಲು ನೋವಿನಿಂದ ಹೆಚ್ಚಾಗಿ ಮಂಚದ ಮೇಲೆಯೇ ಇರುತ್ತಿದ್ದರು. ರಾತ್ರಿ ನಿದ್ರೆ ಬಾರದು, ಹಗಲೆಲ್ಲ ತೂಕಡಿಕೆ, ಊಟ ಸೇರದು. ನಾನು ವಯಸ್ಸಿನ ವಾತಪ್ರಕೋಪವೆಂದು ಬಗೆದು ಅಶ್ವಗಂಧ, ಅಭ್ಯಂಗಗಳನ್ನು ನಡೆಸಿದ್ದೆ. ಗಿಡದ ಕೆಳಗಿನ ಎಲೆಗಳು ಒಂದೊಂದಾಗಿ ಹಳದಿಯಾದವು. ಅದಕ್ಕೂ ನಾನೇ ವೈದ್ಯನಾಗಿ ನಿತ್ಯ ಒಂದು ಚೊಂಬು ನೀರು ಹಾಕಿದೆ.

ಒಂದು ದಿನ ತಾಯಿಯವರು ಗಿಡದ ಕಡೆ ಕೈಮಾಡಿ, "ಈ ಗಿಡಾ ನನಗಿಂತ ಶಾಣ್ಯಾ ಐತಿ ನೋಡಪಾ, ಬೆಳಕಿನ ಕಡೆ ಹೊಳ್ಳೈತಿ" ಎಂದರು. ನೋಡಿದರೆ ಗಿಡದ ತುದಿ ಪೂರ್ತಿಯಾಗಿ ಬಾಗಿಲಿನತ್ತ ಬಾಗಿತ್ತು. ನಾನು ಅಲ್ಲಿಯೇ ಕುಳಿತು, ಮಧ್ಯಾಹ್ನದ ಹೊತ್ತಿನಲ್ಲಿ ದೀಪ ಆರಿಸಿ ಪತ್ರಿಕೆಯೊಂದನ್ನು ಓದಲು ಯತ್ನಿಸಿದೆ. ಅಕ್ಷರ ಕಾಣಲಿಲ್ಲ. ಕುಂಡವನ್ನು ಬುಡಮೇಲು ಮಾಡಿದಾಗ ಬೇರು ಕೊಳೆತು ದುರ್ಗಂಧ ಬರುತ್ತಿತ್ತು. ಬೆಳಗಿನ ಬಿಸಿಲು ಸೇವಿಸಿರೆಂದು ಮೂವತ್ತು ವರ್ಷ ರೋಗಿಗಳಿಗೆ ಬೋಧಿಸಿದ ನಾನು, ಹೆತ್ತ ತಾಯಿಯನ್ನು ಗಿಡವೂ ಬಾಳದ ಕೋಣೆಯಲ್ಲಿ ಮಲಗಿಸಿದ್ದೆ.

ಮರುದಿನವೇ ಮಂಚವನ್ನು ಪಡಸಾಲೆಯ ಪೂರ್ವದ ಕಿಟಕಿಯ ಬಳಿಗೆ ತಂದೆವು. ಬೆಳಿಗ್ಗೆ ಅರ್ಧ ತಾಸು ಅಂಗಳದಲ್ಲಿ ಕುರ್ಚಿ ಹಾಕಿ ಕೂರಿಸತೊಡಗಿದೆವು. ಮೂಳೆಗೆ ಬೇಕಾದ ಡಿ ಜೀವಸತ್ವವನ್ನು ಉಂಟುಮಾಡುವ ಕಿರಣಗಳು ಕಿಟಕಿಯ ಗಾಜನ್ನು ದಾಟಿ ಬರುವುದಿಲ್ಲವಾದ್ದರಿಂದ ಹೊರಗೆ ಕೂರುವುದು ಅವಶ್ಯ. ಹಗಲಿನ ಬೆಳಕು ಕಣ್ಣಿಗೆ ಬಿದ್ದರೆ ರಾತ್ರಿಯ ನಿದ್ರೆಯ ಕ್ರಮವೂ ಸರಿಹೊಂದುತ್ತದೆ. ಕೆಲವೇ ವಾರಗಳಲ್ಲಿ ಅವರ ಹಗಲಿನ ತೂಕಡಿಕೆ ಕಡಿಮೆಯಾಗಿ ರಾತ್ರಿ ನಿದ್ರೆ ಬಂದಿತು. ಮೊಣಕಾಲು ನೋವು ಹೋಗಲಿಲ್ಲ. ಆದರೆ ಹಾದಿಯಲ್ಲಿ ಹೋಗಿಬರುವವರನ್ನು ಮಾತನಾಡಿಸುತ್ತ ಇನ್ನೂ ನಾಲ್ಕು ವರ್ಷ ಬದುಕಿದರು. ಡ್ರಸೀನಾದ ಕೊಳೆತ ಭಾಗ ಕತ್ತರಿಸಿ, ಗಟ್ಟಿಯಾಗಿದ್ದ ಒಂದು ಗೇಣು ತುದಿಯನ್ನು ಒದ್ದೆ ಉಸುಕಿನಲ್ಲಿ ನೆಟ್ಟೆ. ಒಂದೂವರೆ ತಿಂಗಳಿಗೆ ಬೇರು ಬಿಟ್ಟಿತು. ಅದು ಇಂದಿಗೂ ಅದೇ ಕಿಟಕಿಯ ಬಳಿ ಇದೆ.

ಆದ್ದರಿಂದ ಭಕ್ತರಲ್ಲಿ ನನ್ನ ವಿನಂತಿ ಇಷ್ಟೇ. ಉಡುಗೊರೆಯಾಗಿ ಬಂದ ಗಿಡವನ್ನು ಪ್ರೀತಿಯಿಂದ ಸಾಕಿ; ಮಂದ ಬೆಳಕಿನಲ್ಲಿ ನೀರನ್ನು ಮಿತಗೊಳಿಸಿ; ಎಲೆ ಹಳದಿಯಾದರೆ ಚೊಂಬು ಎತ್ತುವ ಮೊದಲು ಕಿಟಕಿ ನೋಡಿ. ಅನಂತರ ಅದೇ ಕೋಣೆಯಲ್ಲಿ ಯಾರು ಮಲಗುತ್ತಾರೆ ಎಂಬುದನ್ನೂ ನೋಡಿ. ಗಿಡ ಬಾಗಿ ತೋರಿಸುತ್ತದೆ. ವೃದ್ಧರು ಸಂಕೋಚದಿಂದ ಬಾಯಿಬಿಟ್ಟು ಹೇಳುವುದಿಲ್ಲ. ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಳಕಿರುವ ಸ್ಥಳ ಮೊದಲು ಅವರಿಗೆ ಸಲ್ಲಲಿ, ಗಿಡ ಅವರ ಪಕ್ಕದಲ್ಲಿರಲಿ.